ನೀರ ಮೇಲೆ ನೆಟ್ಟಗೆ ಕೂರುವ ನೊಣ

ಕೈಯಲ್ಲೇ ಕಟ್ಟಿದ ಡ್ರೈ ಫ್ಲೈ ನೀರಿಗೆ ಬಿದ್ದೊಡನೆ ಮಗ್ಗುಲಾಗುವುದೇಕೆ? ಗಾಳದ ಹವ್ಯಾಸಕ್ಕೆ ಹೊಸದಾಗಿ ಇಳಿದವರು ಈ ಪ್ರಶ್ನೆಯನ್ನು ಕೇಳದೆ ಬಿಡುವುದಿಲ್ಲ. ಡ್ರೈ ಫ್ಲೈ ಎಂದರೆ ಸಣ್ಣ ಕೊಕ್ಕೆಗೆ ಗರಿ, ದಾರ, ತುಪ್ಪಳ ಸುತ್ತಿ ಮಾಡಿದ ಕೃತಕ ನೊಣ. ಅದು ಮುಳುಗಬಾರದು. ರೆಕ್ಕೆ ಮೇಲೆ, ಕೊಕ್ಕೆ ಕೆಳಗೆ ಮಾಡಿಕೊಂಡು ನೀರಿನ ಮೈಮೇಲೆ ಕೂರಬೇಕು. ಮಾಡಿದವರ ಅನುಭವ ಬೇರೆಯೇ ಇರುತ್ತದೆ. ಒಂದು ಸಲ ನೆಟ್ಟಗೆ ಕೂತರೆ ಮುಂದಿನ ಮೂರು ಸಲ ಒಂದು ರೆಕ್ಕೆ ನೀರಿಗೆ ಅಂಟಿಸಿಕೊಂಡು ಸತ್ತ ಹುಳದಂತೆ ತೇಲುತ್ತದೆ. ಇದಕ್ಕೆ ಅಂಗಡಿಯಲ್ಲಿ ಸಿಗುವ ಉತ್ತರ ಒಂದೇ: ಇನ್ನಷ್ಟು ಎಣ್ಣೆ ಹಚ್ಚಿ, ಸಿಲಿಕೋನ್ ಜೆಲ್ ಹಚ್ಚಿ. ಈ ಉತ್ತರ ಪ್ರಶ್ನೆಯನ್ನೇ ತಪ್ಪಾಗಿ ತಿಳಿದುಕೊಂಡಿದೆ ಎಂಬುದು ನನ್ನ ವಾದ. ತೇಲುವುದು ಒಂದು ಸಮಸ್ಯೆ, ನೆಟ್ಟಗಿರುವುದು ಇನ್ನೊಂದು. ಮೊದಲನೆಯದಕ್ಕೆ ಎಣ್ಣೆ ನೆರವಾಗುತ್ತದೆ. ಎರಡನೆಯದು ನೊಣ ಕಟ್ಟುವಾಗಲೇ, ಗರಿಯ ಎಳೆಗಳನ್ನು ಎಲ್ಲಿ ಹರಡಿದೆವು, ಎಷ್ಟು ಅಗಲಕ್ಕೆ ಹರಡಿದೆವು ಎಂಬುದರಲ್ಲೇ ತೀರ್ಮಾನವಾಗಿರುತ್ತದೆ.

ತೇಲುವ ವಸ್ತು ನೆಟ್ಟಗೆ ನಿಲ್ಲಲು ಇರುವ ದಾರಿಗಳು ಮುಖ್ಯವಾಗಿ ಎರಡು. ಎರಡಕ್ಕೂ ಉದಾಹರಣೆ ನಮ್ಮ ತುಂಗಭದ್ರೆಯ ದಂಡೆಯಲ್ಲೇ ಇದೆ. ಮೊದಲನೆಯದು ಗಾಳದ ಬೆಂಡು. ಜೋಳದ ದಂಟಿನ ಬೆಂಡನ್ನೋ ನವಿಲುಗರಿಯ ಕಡ್ಡಿಯನ್ನೋ ಬರಿದೇ ನೀರಿಗೆ ಎಸೆದು ನೋಡಿ, ಅಡ್ಡಡ್ಡ ಮಲಗುತ್ತದೆ. ಅದರ ಕೆಳತುದಿಗೆ ಸೀಸದ ಚೂರು ಕಟ್ಟಿದ ಕೂಡಲೇ ಎದ್ದು ನಿಲ್ಲುತ್ತದೆ. ಹಗುರ ಮೇಲೆ, ಭಾರ ಕೆಳಗೆ, ಅದೂ ನೀರಿನೊಳಗೆ ಸಾಕಷ್ಟು ಆಳಕ್ಕೆ. ಇದು ಆಳದ ದಾರಿ. ಎರಡನೆಯದು ಆನೆಗೊಂದಿಯ ಹರಿಗೋಲು. ಸೀಳಿದ ಬಿದಿರು ಹೆಣೆದು, ಹಿಂದೆ ತೊಗಲನ್ನೂ ಈಗ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿ ಡಾಂಬರು ಬಳಿದ ಬುಟ್ಟಿ ಅದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಈ ದುಂಡು ದೋಣಿಗಳ ವಿಷಯ ಬರೆದಿದ್ದಾನೆ. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ ಕೂರುತ್ತಿದ್ದರಂತೆ, ಅವಶ್ಯಬಿದ್ದರೆ ಕುದುರೆ, ಎತ್ತುಗಳನ್ನೂ ಸಾಗಿಸುತ್ತಿದ್ದರಂತೆ. ಹರಿಗೋಲಿನ ಅಡಿಗೆ ಸೀಸವಿಲ್ಲ, ನೀರಿನೊಳಗೆ ಇಳಿದ ದಿಂಡಿಲ್ಲ. ಗೇಣುದ್ದದ ಆಳವೂ ಇಲ್ಲದ ನೀರಿನಲ್ಲಿ ಅದು ಸಾಗುತ್ತದೆ. ಆದರೂ ಮಗುಚುವುದಿಲ್ಲ, ಕಾರಣ ಅಗಲ. ಒಂದು ಕಡೆ ವಾಲಿದರೆ ಆ ಕಡೆಯ ಅಂಚು ಹೆಚ್ಚು ನೀರನ್ನು ತಳ್ಳುತ್ತದೆ, ತಳ್ಳಿದ ನೀರು ಅಂಚನ್ನು ಮೇಲೆತ್ತುತ್ತದೆ. ನಡುವಿನಿಂದ ಅಂಚು ದೂರವಿದ್ದಷ್ಟೂ ಆ ಎತ್ತುವಿಕೆಗೆ ಬಲ ಜಾಸ್ತಿ. ಹರಿಗೋಲಿನಲ್ಲಿ ಎದ್ದು ನಿಂತವರನ್ನು ಅಂಬಿಗ ಗದರಿಸಿ ಕೂರಿಸುವುದೂ ಇದೇ ಲೆಕ್ಕಕ್ಕೆ. ಭಾರ ತಳಕ್ಕೆ ಹತ್ತಿರವಿದ್ದಷ್ಟೂ ಅಗಲಕ್ಕೆ ಕೆಲಸ ಹಗುರ.

ಡ್ರೈ ಫ್ಲೈಗೆ ಈ ಎರಡರಲ್ಲಿ ಯಾವ ದಾರಿ ಹೊಂದುತ್ತದೆ ಎಂದು ಕೇಳಿಕೊಂಡರೆ ಅರ್ಧ ಉತ್ತರ ಸಿಕ್ಕಂತೆ. ಈ ನೊಣ ತೇಲುವುದು ಮರದ ತುಂಡಿನ ಹಾಗೆ ಹಗುರವಾಗಿರುವುದರಿಂದಲ್ಲ. ಕೊಕ್ಕೆ ಉಕ್ಕಿನದು, ನೀರಿಗಿಂತ ಏಳೆಂಟು ಪಟ್ಟು ಸಾಂದ್ರ. ಅದನ್ನು ಹೊತ್ತಿರುವುದು ನೀರಿನ ಮೇಲ್ಮೈ ಎಳೆತ, ಕೆರೆಯ ಮೇಲೆ ನೀರ್ಜೇಡಗಳು ಓಡಾಡುವುದು ಯಾವ ಶಕ್ತಿಯ ಮೇಲೋ ಅದೇ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಮೀಟರಿಗೆ ಸುಮಾರು 0.072 ನ್ಯೂಟನ್. ಲೆಕ್ಕ ಹಾಕಿದರೆ ಒಂದು ಸೆಂಟಿಮೀಟರ್ ಉದ್ದದ ನೀರಿನ ಅಂಚು ಹೆಚ್ಚೆಂದರೆ 73 ಮಿಲಿಗ್ರಾಂ ಭಾರ ಹೊರಬಲ್ಲದು. 14ನೇ ನಂಬರಿನ ತೆಳುತಂತಿಯ ಕೊಕ್ಕೆ ಹತ್ತಾರು ಮಿಲಿಗ್ರಾಂ ಮಾತ್ರ ತೂಗುವುದರಿಂದ ಗರಿಯ ಎಳೆಗಳೆಲ್ಲ ಸೇರಿ ಒಂದೆರಡು ಸೆಂಟಿಮೀಟರಿನಷ್ಟು ನೀರನ್ನು ಒತ್ತಿ ಹಿಡಿದರೆ ಸಾಕು, ನೊಣ ತೇಲುತ್ತದೆ. ಇಲ್ಲಿ ಗಮನಿಸಬೇಕಾದದ್ದು ಉದ್ದ ಎಂಬ ಮಾತು. ನೀರಿಗೆ ನೇರ ಚುಚ್ಚುವಂತೆ ಕೆಳಮುಖವಾಗಿ ನಿಂತ ಎಳೆಯ ತುದಿ ಮೇಲ್ಮೈಯನ್ನು ಮುಟ್ಟುವುದು ಒಂದು ಚುಕ್ಕೆಯಷ್ಟು, ಅದು ಸುಲಭವಾಗಿ ತೂರಿಕೊಂಡು ಹೋಗುತ್ತದೆ. ಅದೇ ಎಳೆ ಓರೆಯಾಗಿಯೋ ಮಲಗಿಯೋ ಇದ್ದರೆ ಅದರ ಉದ್ದಕ್ಕೂ ನೀರು ತಗ್ಗುಬಿದ್ದು ಭಾರ ಹೊರುತ್ತದೆ. ಎಂದರೆ ನೊಣ ನೀರಿನ ಒಳಗಿಲ್ಲ, ಮೇಲಿದೆ. ಬೆಂಡಿನ ಹಾಗೆ ಆಳಕ್ಕೆ ಭಾರ ಇಳಿಬಿಡುವ ಅವಕಾಶ ಅದಕ್ಕೆ ಬಹಳ ಕಡಿಮೆ, ಕೊಕ್ಕೆಯ ಬಾಗು ತುಸು ಕೆಳಗೆ ಜೋಲುವುದಷ್ಟೇ. ಉಳಿದದ್ದು ಹರಿಗೋಲಿನ ದಾರಿ.

ಹಳೆಯ ಮಾದರಿಯ ನೊಣ ಯಾಕೆ ಉರುಳುತ್ತದೆ ಎಂಬುದನ್ನು ಈ ಕಣ್ಣಿನಿಂದ ನೋಡಬೇಕು. ಇಂಗ್ಲೆಂಡಿನ ಫ್ರೆಡರಿಕ್ ಹಾಲ್ಫರ್ಡ್ 1886ರಲ್ಲಿ ಪುಸ್ತಕ ಬರೆದು ನೆಲೆಗೊಳಿಸಿದ ಕ್ರಮದಲ್ಲಿ ಹುಂಜದ ಕುತ್ತಿಗೆಯ ಗರಿಯನ್ನು, ಅಂದರೆ ಹ್ಯಾಕಲ್ಲನ್ನು, ಕೊಕ್ಕೆಯ ಕಣ್ಣಿನ ಹಿಂದೆ ದಂಡದ ಸುತ್ತ ಸುತ್ತುತ್ತಾರೆ. ಎಳೆಗಳು ಎಲ್ಲ ದಿಕ್ಕಿಗೂ ಚಾಚಿ ಗಾಲಿಯ ಅರಗಳಂತೆ ನಿಲ್ಲುತ್ತವೆ. ಗಾಲಿಗೆ ಮೇಲು ಕೆಳಗು ಎಂಬುದಿಲ್ಲ, ಯಾವ ಮಗ್ಗುಲಿಗೆ ತಿರುಗಿಸಿದರೂ ಅದು ನೀರನ್ನು ಮುಟ್ಟುವ ರೀತಿ ಒಂದೇ. ಹೀಗಾಗಿ ನೊಣವನ್ನು ನೆಟ್ಟಗಿಡುವ ಹೊಣೆಯೆಲ್ಲ ಎರಡು ಸಣ್ಣ ಸಂಗತಿಗಳ ಮೇಲೆ ಬೀಳುತ್ತದೆ: ಕೆಳಗೆ ಜೋಲುವ ಕೊಕ್ಕೆಯ ಬಾಗು, ಹಿಂದೆ ಚಾಚಿದ ಬಾಲ. ಹೊಸಬರು ಈ ಎರಡನ್ನೂ ಹಾಳುಮಾಡಿಕೊಳ್ಳುತ್ತಾರೆ. ಅಂದವಾಗಿ ಕಾಣಲೆಂದು ರೆಕ್ಕೆಯನ್ನು ಎತ್ತರವಾಗಿ, ದಪ್ಪವಾಗಿ ಕಟ್ಟಿದರೆ ಭಾರ ಮೇಲೇರಿ ಬಾಗಿನ ತೂಕಕ್ಕೆ ಎದುರಾಗುತ್ತದೆ. ಬಾಲದ ಎಳೆಗಳನ್ನು ಒಂದೇ ಕುಚ್ಚಾಗಿ ಬಿಗಿದರೆ ಅದು ಒದ್ದೆಯಾಗಿ ಒಂದೇ ಕಡ್ಡಿಯಾಗಿಬಿಡುತ್ತದೆ. ಆ ಕಡ್ಡಿ ಹಿಂಭಾಗ ಮುಳುಗದಂತೆ ತಡೆದೀತು, ಎಡಬಲಕ್ಕೆ ಉರುಳುವುದನ್ನು ತಡೆಯಲಾರದು. ಪರಿಹಾರ ಎರಡೂ ಕಡೆ ಅಗಲವೇ. ಬಾಲದ ಬುಡದಲ್ಲಿ ದಾರದ ಒಂದು ಪುಟ್ಟ ಗಂಟು ಕಟ್ಟಿ ಅದರ ಎಡಕ್ಕೆ ಎರಡು, ಬಲಕ್ಕೆ ಎರಡು ಗಡುಸು ಎಳೆಗಳನ್ನು ಕವಲಾಗಿ ಚಾಚುವಂತೆ ಕಟ್ಟಬೇಕು. ಹ್ಯಾಕಲ್ ಸುತ್ತಿ ಮುಗಿದ ಮೇಲೆ ಸಣ್ಣ ಕತ್ತರಿಯಿಂದ ಕೆಳಗಿನ ಎಳೆಗಳನ್ನಷ್ಟೇ ಬೋರಲು ಹಾಕಿದ ‘ವಿ’ ಅಕ್ಷರದ ಆಕಾರಕ್ಕೆ ಕತ್ತರಿಸಬೇಕು. ಗಾಲಿಯ ತಳ ಹೋಗಿ ಎರಡು ಪಾದಗಳು ಉಳಿಯುತ್ತವೆ. ಮುಂದೆರಡು ಪಾದ, ಹಿಂದೆ ಕವಲುಬಾಲ ಎಂದಾದಾಗ ನೊಣಕ್ಕೆ ಮೊದಲ ಬಾರಿ ತಳ ಎಂಬುದೊಂದು ಬರುತ್ತದೆ. ಅಳತೆಯ ವಿಷಯದಲ್ಲಿ ಹಳಬರ ಲೆಕ್ಕ ಇನ್ನೂ ಸರಿಯಾಗಿದೆ: ರೆಕ್ಕೆಯೂ ಬಾಲವೂ ಕೊಕ್ಕೆಯ ದಂಡದಷ್ಟು ಉದ್ದ, ಹ್ಯಾಕಲ್ಲಿನ ಎಳೆ ಕೊಕ್ಕೆಯ ಬಾಯಗಲದ ಒಂದೂವರೆ ಪಟ್ಟು. ರೆಕ್ಕೆಯನ್ನು ಅದಕ್ಕಿಂತ ಗಿಡ್ಡ ಮಾಡಿದರೆ ಕೆಡುವುದೇನಿಲ್ಲ.

ಇಲ್ಲಿ ಇನ್ನೊಂದು ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು. ನೀರಿನ ಮೇಲೆ ನೆಟ್ಟಗಿರುವುದು ಬೇರೆ, ಗಾಳಿಯಿಂದ ನೆಟ್ಟಗೆ ಇಳಿಯುವುದು ಬೇರೆ. ಮಗ್ಗುಲಾಗಿ ಬಿದ್ದ ನೊಣ ನೀರು ಹೀರಿ ಅಂಟಿಕೊಂಡರೆ ಎಷ್ಟೇ ಅಗಲವಿದ್ದರೂ ಏಳಲಾರದು. ಬೀಳುವಾಗ ದಾರಿ ತೋರುವುದು ಗಾಳಿಯ ಒತ್ತಡ. ಗಾಳಿಯನ್ನು ತಡೆಯುವ ಗರಿ ಮೇಲಿದ್ದು ಭಾರದ ಕೊಕ್ಕೆ ಕೆಳಗಿದ್ದರೆ ಬೀಳುತ್ತಲೇ ಅದು ಸರಿಹೋಗುತ್ತದೆ. ಪ್ಯಾರಾಶೂಟ್ ಎಂಬ ಕಟ್ಟು ಹುಟ್ಟಿದ್ದು ಈ ತಿಳಿವಳಿಕೆಯಿಂದ. ಅಮೆರಿಕದ ವಿಲಿಯಂ ಬ್ರಷ್ 1930ರ ದಶಕದಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಹ್ಯಾಕಲ್ಲನ್ನು ಕೊಕ್ಕೆಯ ದಂಡಕ್ಕೆ ಸುತ್ತುವ ಬದಲು ಮೇಲೆದ್ದ ರೆಕ್ಕೆಯ ಬುಡಕ್ಕೆ ಸುತ್ತಿದರೆ ಎಳೆಗಳು ನೀರಿಗೆ ಸಮನಾಗಿ ಸುತ್ತಲೂ ಮಲಗುತ್ತವೆ. ಬೀಳುವಾಗ ಕೊಡೆ, ಬಿದ್ದ ಮೇಲೆ ಹರಿಗೋಲು. ಎಳೆಗಳು ಚುಚ್ಚುವ ಬದಲು ಮಲಗುವುದರಿಂದ ಕಡಿಮೆ ಗರಿಗೆ ಹೆಚ್ಚು ಭಾರ ಹೊರುತ್ತವೆ. ವಿನ್ಸೆಂಟ್ ಮರಿನಾರೊ 1950ರ ತನ್ನ ಪುಸ್ತಕದಲ್ಲಿ ಹ್ಯಾಕಲ್ಲನ್ನು ಕಣ್ಣಿನಿಂದ ಹಿಂದಕ್ಕೆ, ಮೈಯ ನಡುವಿಗೆ ತಂದು ಅಡ್ಡಡ್ಡಲಾಗಿ ಸುತ್ತುವ ಕ್ರಮ ಹೇಳಿದ. ಉದ್ದೇಶ ಅದೇ, ಆಸರೆಯನ್ನು ಭಾರದ ನಡುವಿಗೆ ತರುವುದು. ಕುತೂಹಲದ್ದೆಂದರೆ ಡಚ್ಚರ ಹನ್ಸ್ ವಾನ್ ಕ್ಲಿಂಕೆನ್ 1980ರ ದಶಕದಲ್ಲಿ ರೂಪಿಸಿದ ಕ್ಲಿಂಕ್‌ಹ್ಯಾಮರ್. ಬಗ್ಗಿಸಿದ ಕೊಕ್ಕೆಯ ಹಿಂಭಾಗವೆಲ್ಲ ನೀರಿನೊಳಗೆ ಜೋಲುತ್ತದೆ, ಮೇಲೆ ಪ್ಯಾರಾಶೂಟ್ ಹ್ಯಾಕಲ್ ಹರಡಿರುತ್ತದೆ. ಬೆಂಡಿನ ಆಳ, ಹರಿಗೋಲಿನ ಅಗಲ ಎರಡನ್ನೂ ಒಂದೇ ನೊಣದಲ್ಲಿ ಸೇರಿಸಿದ್ದಾನೆ. ಅದು ಮಗುಚುವುದು ಅಪರೂಪ. ಹೊಸಬರಿಗೆ ನನ್ನ ಸಲಹೆ ಪ್ಯಾರಾಶೂಟಿನಿಂದಲೇ ಶುರುಮಾಡಿ ಎಂದು. ಹಾಲ್ಫರ್ಡನ ಕಟ್ಟು ನೋಡಲು ಚೆಂದ, ಕ್ಷಮಿಸುವ ಗುಣ ಅದಕ್ಕೆ ಕಡಿಮೆ.

ಕಟ್ಟಿದ ನೊಣ ಸರಿಯಿದೆಯೇ ಎಂದು ತಿಳಿಯಲು ನದಿಗೇ ಹೋಗಬೇಕಿಲ್ಲ. ಕೊಪ್ಪಳ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲವಲ್ಲ. ತಳ ಬೆಳ್ಳಗಿರುವ ಒಂದು ಬೋಗುಣಿಯಲ್ಲಿ ನಾಲ್ಕು ಬೆರಳು ನೀರು ಹಾಕಿ ನಡುಹಗಲ ಬಿಸಿಲಿಗಿಡಿ. ಎದೆಮಟ್ಟದಿಂದ ನೊಣವನ್ನು ಕೈಬಿಡಿ. ನೀರಿನ ಮೇಲೆ ಕೂತ ನೊಣವನ್ನು ನೋಡಬೇಡಿ, ತಳದಲ್ಲಿ ಬೀಳುವ ನೆರಳನ್ನು ನೋಡಿ. ಪ್ರತಿ ಎಳೆ ನೀರನ್ನು ಒತ್ತಿದ ಕಡೆ ಮೇಲ್ಮೈ ತಗ್ಗಾಗಿರುತ್ತದೆ. ಆ ತಗ್ಗು ಬೆಳಕನ್ನು ಚದುರಿಸುವುದರಿಂದ ತಳದಲ್ಲಿ ಒಂದೊಂದು ಕಪ್ಪು ಚುಕ್ಕೆ, ಅದರ ಸುತ್ತ ಹೊಳೆಯುವ ಅಂಚು ಮೂಡುತ್ತದೆ. ಎಳೆ ತೂರಿ ಒಳಹೋಗಿದ್ದರೆ ಆ ಚುಕ್ಕೆ ಇರುವುದಿಲ್ಲ, ಬರೀ ಗೆರೆಯಂಥ ನೆರಳಿರುತ್ತದೆ. ಹೀಗೆ ಯಾವ ಎಳೆ ಭಾರ ಹೊತ್ತಿದೆ, ಯಾವುದು ಸುಮ್ಮನಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಚುಕ್ಕೆಗಳು ಎಡಬಲಕ್ಕೆ ಸರಿಸಮ ಹರಡಿದ್ದರೆ ನೊಣ ನಿಲ್ಲುತ್ತದೆ. ಎಲ್ಲವೂ ಒಂದೇ ಕಡೆ ಗುಂಪಾಗಿದ್ದರೆ ಈಗ ನಿಂತಿದ್ದರೂ ಮೊದಲ ಅಲೆಗೆ ಮಗುಚುತ್ತದೆ. ಹಿಂಭಾಗದಲ್ಲಿ ಚುಕ್ಕೆ ಇಲ್ಲವೇ ಇಲ್ಲ ಎಂದಾದರೆ ಬಾಲ ಮೆತ್ತಗಿದೆ. ಮತ್ತೆ ಮತ್ತೆ ಬಿಟ್ಟಾಗ ಪ್ರತಿಸಲವೂ ಅದೇ ಮಗ್ಗುಲಿಗೆ ಬಿದ್ದರೆ ಆ ಕಡೆಯ ರೆಕ್ಕೆ ಭಾರವಿದೆ, ಬೇರೆ ಬೇರೆ ಮಗ್ಗುಲಿಗೆ ಬಿದ್ದರೆ ತಳದ ಅಗಲ ಸಾಲದು. ಇವೆರಡು ಬೇರೆ ಕಾಯಿಲೆಗಳು, ಮದ್ದೂ ಬೇರೆ.

ಎಣ್ಣೆಯ ಪರ ವಾದಿಸುವವರು ಇಷ್ಟಕ್ಕೆ ಒಪ್ಪುವುದಿಲ್ಲ. ಎಣ್ಣೆ ಹಚ್ಚಿದ ಮೇಲೆ ನೊಣ ನೆಟ್ಟಗೆ ಕೂತದ್ದನ್ನು ಕಣ್ಣಾರೆ ಕಂಡಿದ್ದೇವೆ ಎನ್ನುತ್ತಾರೆ. ಅದು ನಿಜವೂ ಇರಬಹುದು. ಎಣ್ಣೆ ಮಾಡುವುದಿಷ್ಟೇ: ನೀರು ಎಳೆಗೆ ಅಂಟದಂತೆ ನೋಡಿಕೊಳ್ಳುತ್ತದೆ. ಮೊದಲೇ ಸಮತೂಕವಿದ್ದು ಒದ್ದೆಯಾದ್ದರಿಂದ ವಾಲಿದ ನೊಣವನ್ನು ಅದು ಮೊದಲಿನ ಸ್ಥಿತಿಗೆ ತರುತ್ತದೆ. ಕಟ್ಟಿದ್ದೇ ವಾರೆಯಾಗಿದ್ದರೆ ಎಣ್ಣೆ ಹಚ್ಚಿದ ನೊಣ ಮಗ್ಗುಲಾಗಿಯೇ ಬಹಳ ಹೊತ್ತು ತೇಲುತ್ತದೆ, ಇನ್ನೇನೂ ಆಗದು. ಜಾಸ್ತಿ ಹಚ್ಚಿದರಂತೂ ಎಳೆಗಳು ಒಂದಕ್ಕೊಂದು ಅಂಟಿ ಇದ್ದ ಅಗಲವೂ ಹೋಗುತ್ತದೆ. ಇನ್ನು ಕೆಲವರು ನಮ್ಮ ಬಿಸಿನೀರೇ ಕಾರಣ, ತಣ್ಣನೆಯ ದೇಶದ ನೊಣ ಇಲ್ಲಿ ನಿಲ್ಲದು ಎನ್ನುತ್ತಾರೆ. ಲೆಕ್ಕ ಇದನ್ನು ಒಪ್ಪುವುದಿಲ್ಲ. 20 ಡಿಗ್ರಿಯಿಂದ 30 ಡಿಗ್ರಿಗೆ ಏರಿದಾಗ ನೀರಿನ ಮೇಲ್ಮೈ ಎಳೆತ ಇಳಿಯುವುದು ಶೇಕಡಾ 2ರಷ್ಟು ಮಾತ್ರ. ನಿಜವಾಗಿ ಕಾಡುವುದು ಸಾಬೂನು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ನೀರಿನಲ್ಲಿ ಆ ಎಳೆತ ಅರ್ಧಕ್ಕಿಂತ ಕೆಳಗೂ ಇಳಿಯಬಹುದು, ಅಲ್ಲಿ ಯಾವ ಕಟ್ಟೂ ನಿಲ್ಲದು. ಸಾಬೂನು ಹಚ್ಚಿ ತೊಳೆದ ಕೈಯಲ್ಲಿ ನೊಣ ಮುಟ್ಟುವ ಮೊದಲು ಚೆನ್ನಾಗಿ ಜಾಲಿಸಿಕೊಳ್ಳಬೇಕೆನ್ನುವುದೂ ಇದಕ್ಕೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ನೊಣ ನೆಟ್ಟಗಿದ್ದರೇನು, ಮಗ್ಗುಲಾದರೇನು, ಮೀನಿಗೆ ಎರಡೂ ಒಂದೇ ಅಲ್ಲವೇ? ಇದನ್ನು ತಳ್ಳಿಹಾಕುವಂತಿಲ್ಲ. ರಭಸದ ನೀರಿನಲ್ಲಿ ಮೀನಿಗೆ ಪರೀಕ್ಷಿಸಲು ಸಮಯವಿಲ್ಲ, ಕಂಡದ್ದನ್ನು ಕಚ್ಚುತ್ತದೆ. ಮೊಟ್ಟೆಯಿಟ್ಟು ಸತ್ತ ಹುಳಗಳು ರೆಕ್ಕೆ ಚಾಚಿ ಬಿದ್ದಿರುವಾಗ ಮಲಗಿದ ನೊಣವೇ ಸರಿ, ಅದಕ್ಕಾಗಿಯೇ ಬೇರೆ ಕಟ್ಟು ಇದೆ. ಆದರೆ ನಿಂತ ತಿಳಿನೀರಿನಲ್ಲಿ ಲೆಕ್ಕ ಬದಲಾಗುತ್ತದೆ. ನೀರಿನೊಳಗಿನ ಮೀನಿಗೆ ಹೊರಲೋಕ ಕಾಣುವುದು ತಲೆಯ ಮೇಲಿನ ಸುಮಾರು 97 ಡಿಗ್ರಿಯ ದುಂಡು ಕಿಟಕಿಯಲ್ಲಿ ಮಾತ್ರ. ಉಳಿದ ಮೇಲ್ಮೈಯೆಲ್ಲ ತಳವನ್ನು ಪ್ರತಿಫಲಿಸುವ ಕನ್ನಡಿ. ದೂರದಿಂದ ತೇಲಿ ಬರುವ ನೊಣದ ಮೈ ಕನ್ನಡಿಯ ಹಿಂದೆ ಮರೆಯಾಗಿರುತ್ತದೆ. ಮೀನು ಮೊದಲು ಕಾಣುವುದು ಎಳೆಗಳು ನೀರನ್ನು ಒತ್ತಿದ ಬೆಳಕಿನ ಚುಕ್ಕೆಗಳನ್ನು, ಆಮೇಲೆ ಕಿಟಕಿಯ ಅಂಚಿನಲ್ಲಿ ಬಾಗಿದ ಬೆಳಕಿನಿಂದ ಮೇಲೆದ್ದ ರೆಕ್ಕೆಯನ್ನು. ಗಾಳದ ಲೇಖಕರಾದ ಕರ್ನಲ್ ಹಾರ್ಡಿಂಗ್ 1931ರಲ್ಲಿ, ಬ್ರಯಾನ್ ಕ್ಲಾರ್ಕ್ ಮತ್ತು ಜಾನ್ ಗೊಡಾರ್ಡ್ 1980ರಲ್ಲಿ ಇದನ್ನೆಲ್ಲ ವಿವರವಾಗಿ ಬರೆದಿದ್ದಾರೆ. ಕ್ಲಾರ್ಕ್ ಮತ್ತು ಗೊಡಾರ್ಡ್ ಕೊಕ್ಕೆಯ ಮೊನೆ ನೀರಿಗೇ ತಾಗದಂತೆ ಕೊಕ್ಕೆಯನ್ನು ತಲೆಕೆಳಗು ಮಾಡಿ ನೊಣ ಕಟ್ಟಿದರು. ಮಗ್ಗುಲಾದ ನೊಣದಲ್ಲಿ ಚುಕ್ಕೆಗಳ ಚಿತ್ತಾರವೂ ಇಲ್ಲ, ರೆಕ್ಕೆಯೂ ಇಲ್ಲ. ಬದಲಿಗೆ ನೀರಿನ ಮೈಯಲ್ಲಿ ಕೊಕ್ಕೆಯ ಪೂರ್ತಿ ಆಕಾರ ಕಾಣುತ್ತದೆ. ಇನ್ನೂ ಒಂದು ಮಾತು: ಎರಡು ರೆಕ್ಕೆ ಸಮವಿಲ್ಲದ ನೊಣ ಎಸೆಯುವಾಗ ಗಿರಗಿರ ತಿರುಗಿ ತನ್ನನ್ನು ಕಟ್ಟಿರುವ ತೆಳ್ಳನೆಯ ತುದಿದಾರವನ್ನು, ಅಂದರೆ ಟಿಪ್ಪೆಟ್ಟನ್ನು, ಹುರಿಗಟ್ಟಿಸುತ್ತದೆ. ಆ ಹುರಿ ಬಿಚ್ಚಿಕೊಳ್ಳುವಾಗ ನೀರಿನ ಮೇಲೆ ಕೂತ ನೊಣವನ್ನೂ ಹೊರಳಿಸುತ್ತದೆ. ಆದ್ದರಿಂದ ಸಮತೂಕದ ಪ್ರಶ್ನೆ ಮೀನಿನ ಕಣ್ಣಿಗಷ್ಟೇ ಸಂಬಂಧಿಸಿದ್ದಲ್ಲ.

ಗರಿಯ ವಿಷಯಕ್ಕೆ ಬಂದರೆ ನಮ್ಮವರು ಬಡವರೇನಲ್ಲ. ಅಮೆರಿಕದಲ್ಲಿ ಹ್ಯಾಕಲ್ಲಿಗೆಂದೇ ಹುಂಜ ಸಾಕುವ ಉದ್ಯಮ ಬೆಳೆಯುವ ಮೊದಲು ಅಲ್ಲಿನ ನೊಣ ಕಟ್ಟುವವರು ಬಹುಮಟ್ಟಿಗೆ ನೆಚ್ಚಿದ್ದು ಭಾರತದಿಂದ ಹೋದ ಹುಂಜದ ಕುತ್ತಿಗೆ ಗರಿಯನ್ನು. ಗಂಗಾವತಿ, ಕುಷ್ಟಗಿಯ ಚಿಕನ್ ಅಂಗಡಿಯಲ್ಲಿ ಸಿಗುವ ಬ್ರಾಯ್ಲರ್ ಗರಿ ಇದಕ್ಕೆ ಬರದು. ಆ ಕೋಳಿ ಬದುಕುವುದೇ ಆರು ವಾರದಷ್ಟು, ಕುತ್ತಿಗೆಯ ಗಡುಸು ಗರಿ ಬಲಿಯುವ ಹೊತ್ತಿಗೆ ಅದಿರುವುದಿಲ್ಲ. ಬೇಕಾದದ್ದು ವರ್ಷ ದಾಟಿದ ಜವಾರಿ ಹುಂಜ. ಗರಿಯನ್ನು ಬೆರಳಲ್ಲಿ ಬಗ್ಗಿಸಿದಾಗ ಎಳೆಗಳು ಒಂದೊಂದಾಗಿ ನೆಟ್ಟಗೆ ಸಿಡಿದು ನಿಲ್ಲಬೇಕು, ಬುಡದ ಕಡೆ ಬೂದಿ ಬಣ್ಣದ ಮೆತ್ತನೆಯ ಭಾಗವಿದ್ದರೆ ಅದನ್ನು ಕಿತ್ತೆಸೆಯಬೇಕು. ನೀರು ಹೀರುವುದು ಆ ಭಾಗವೇ. ಜವಾರಿ ಹುಂಜದ ಎಳೆ ಉದ್ದ ಜಾಸ್ತಿ, 12 ಅಥವಾ 14ನೇ ನಂಬರಿನ ಕೊಕ್ಕೆಗೆ ಹೊಂದುತ್ತದೆ, ಅದಕ್ಕಿಂತ ಸಣ್ಣ ಕೊಕ್ಕೆಗೆ ಕಷ್ಟ. ಮೈ ಸುತ್ತಲು ನವಿಲುಗರಿಯ ಎಳೆ ಒಳ್ಳೆಯದು, ಆದರೆ ತಾನಾಗಿ ಉದುರಿದ ಗರಿಯನ್ನು ಮಾತ್ರ ಬಳಸಬೇಕು. 1972ರ ವನ್ಯಜೀವಿ ಕಾಯ್ದೆ ನವಿಲನ್ನು ಕಾಪಾಡಿದೆ.

ಡ್ರೈ ಫ್ಲೈಗೆ ಹೆಸರಾದ ಟ್ರೌಟ್ ಮೀನೇ ಇಲ್ಲದ ನಾಡಿಗೆ ಈ ಪರದೇಶಿ ಹವ್ಯಾಸ ಯಾಕೆ ಎನ್ನುವವರಿಗೆ ಎರಡು ಮಾತು. ಗಾಳವನ್ನು ವಿನೋದವೆಂದು, ಶಾಸ್ತ್ರವೆಂದು ಕಂಡದ್ದು ಇಲ್ಲಿ ಹೊಸದಲ್ಲ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೀನಿನ ಜಾತಿಗಳು, ಅವುಗಳ ತಿನಿಸು, ಗಾಳ ಹಾಕುವ ಬಗೆ ಎಲ್ಲವನ್ನೂ ಅದು ಹೇಳುತ್ತದೆ. ಇನ್ನು ಮೀನು. ರೋಹು, ಮೃಗಾಲ್ ಮೇಲೆ ಬಂದು ನೊಣ ಹಿಡಿಯುವ ಮೀನುಗಳಲ್ಲ, ಕಾಟ್ಲಾದ ಬಾಯಿ ಮೇಲ್ಮುಖವಾಗಿದ್ದರೂ ಅದರ ಹಸಿವು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿಗೆ. ಆದರೆ ಬಾಯಿ ಮೇಲಕ್ಕೆ ತಿರುಗಿದ, ಬೆಳ್ಳಿಯಂತೆ ಹೊಳೆಯುವ ಚೇಲಾ ಜಾತಿಯ ಪುಟ್ಟ ಮೀನುಗಳು ನೀರಿನ ಮೈಮೇಲೆ ಬಿದ್ದ ಹುಳವನ್ನೇ ನಂಬಿವೆ. ಮೊದಲ ಮಳೆಗೆ ಗೆದ್ದಲು ರೆಕ್ಕೆ ಕಟ್ಟಿಕೊಂಡು ಏಳುವ ಸಂಜೆ ಕೆರೆಯ ಅಂಚಿನಲ್ಲಿ ನೋಡಿದರೆ ಸಾಕು. ಆ ಹುಳದ ಅಳತೆಗೆ 14ನೇ ನಂಬರಿನ ಪ್ಯಾರಾಶೂಟ್ ನೊಣ ಹೇಳಿಮಾಡಿಸಿದಂತಿದೆ.

ಎಲ್ಲಿ ಎಸೆಯಬಾರದು ಎಂಬುದೂ ಅಷ್ಟೇ ಮುಖ್ಯ. ತುಂಗಭದ್ರಾ ಅಣೆಕಟ್ಟಿನ ಬಳಿಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ನದಿಯನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದೆ. ಆನೆಗೊಂದಿಯ ಬಂಡೆಗಳ ನಡುವಿನ ಮಡುಗಳು ಎಷ್ಟೇ ಕರೆದರೂ ಅವು ನೀರುನಾಯಿಗೂ ಮೊಸಳೆಗೂ ಬಿಟ್ಟ ಜಾಗ. ಗಾಳದವರು ಅಲ್ಲಿಂದ ದೂರವಿರಬೇಕು. ಕೆರೆಗಳ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆದಾರರಿಗೋ ಮೀನುಗಾರರ ಸಹಕಾರ ಸಂಘಕ್ಕೋ ಹೋಗಿರುತ್ತದೆ. ಅವರನ್ನು ಕೇಳಿ ಒಪ್ಪಿಗೆ ಪಡೆದೇ ಇಳಿಯಬೇಕು. ಹಿಡಿದ ಸಣ್ಣ ಮೀನನ್ನು ಒದ್ದೆ ಕೈಯಲ್ಲಿ ಬಿಡಿಸಿ ನೀರಿಗೆ ಬಿಡಲು ಅನುಕೂಲವಾಗುವಂತೆ ಕೊಕ್ಕೆಯ ಮೊನೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಕೊಳ್ಳಿ. ಆ ಕೆಲಸವನ್ನು ನೊಣ ಕಟ್ಟುವ ಮುಂಚೆಯೇ ಮುಗಿಸಬೇಕು. ಒತ್ತುವಾಗ ಕೊಕ್ಕೆ ಮುರಿದರೆ ಹೋಗುವುದು ಬರೀ ಕೊಕ್ಕೆ, ಗರಿ ಸುತ್ತಿದ ಶ್ರಮವಲ್ಲ. ಮುಳ್ಳನ್ನು ಮಟ್ಟ ಮಾಡುವುದರಿಂದ ತೂಕ ಹೆಚ್ಚುಕಡಿಮೆಯಾಗದು, ಬೋಗುಣಿಯಲ್ಲಿ ನೆಟ್ಟಗೆ ಕೂತ ಕಟ್ಟು ಕೆರೆಯಲ್ಲೂ ಹಾಗೆಯೇ ಕೂರುತ್ತದೆ.